ಗಿರಣಿ ಮೊದಲು ಬಂತು, ಊರು ಆಮೇಲೆ: 19ನೇ ಶತಮಾನದ ಮ್ಯಾಂಚೆಸ್ಟರ್ ಬಗ್ಗೆ ಟಿಪ್ಪಣಿ

ನಾನು ಬೆಳೆದದ್ದು ದಾವಣಗೆರೆಯಲ್ಲಿ. ಹತ್ತಿ ಗಿರಣಿಗಳಿದ್ದ ನಮ್ಮೂರನ್ನು "ಕರ್ನಾಟಕದ ಮ್ಯಾಂಚೆಸ್ಟರ್" ಅಂತ ಕರೆಯುತ್ತಾರೆ. ಶಾಲೆಯಲ್ಲಿ ಅದನ್ನು ಹೆಮ್ಮೆಯಿಂದ ಬಾಯಿಪಾಠ ಮಾಡಿದ್ದೆವು. ಇಂಗ್ಲೆಂಡಿನ ನಿಜವಾದ ಮ್ಯಾಂಚೆಸ್ಟರ್‌ನಲ್ಲಿ ಏನು ನಡೆದಿತ್ತು ಅಂತ ಗೊತ್ತಾದದ್ದು ಮಾತ್ರ ಇತಿಹಾಸವನ್ನು ವಿಷಯವಾಗಿ ತೆಗೆದುಕೊಂಡ ಮೇಲೆ. ಈ ಪಾಠ ಓದುತ್ತಿರುವ ನಿಮಗೂ ಉಪಯೋಗವಾಗಲಿ ಅಂತ ನನ್ನ ಟಿಪ್ಪಣಿಯನ್ನು ಸ್ವಲ್ಪ ಬಿಡಿಸಿ ಬರೆದಿದ್ದೇನೆ.

"ಕೈಗಾರಿಕೀಕರಣದಿಂದ ನಗರ ಜೀವನದ ಮೇಲಾದ ಪರಿಣಾಮ ಬರೆಯಿರಿ" ಅಂತ ಪ್ರಶ್ನೆ ಬಂದರೆ ನಾವೆಲ್ಲ ಬರೆಯುವುದು ಒಂದೇ ಉತ್ತರ. ಜನ ಹೆಚ್ಚಾದರು, ಕೊಳೆಗೇರಿ ಬೆಳೆಯಿತು, ರೋಗ ಹರಡಿತು. ಇದು ತಪ್ಪಲ್ಲ. ಆದರೆ ಅಷ್ಟು ದುಡ್ಡು ಹರಿಯುತ್ತಿದ್ದ ಊರಲ್ಲಿ ಒಂದು ಚರಂಡಿ ಯಾಕೆ ಇರಲಿಲ್ಲ? ಈ ಪ್ರಶ್ನೆ ನನ್ನನ್ನು ಬಿಡಲೇ ಇಲ್ಲ. ಓದುತ್ತಾ ಹೋದಂತೆ ನನಗೆ ಸಿಕ್ಕ ಉತ್ತರ ಇದು: ಗಿರಣಿ ಮೊದಲು ಬಂತು. ನೀರು, ಚರಂಡಿ, ನಗರಸಭೆ, ಆಡಳಿತ ಇವೆಲ್ಲ ಸೇರಿ ಆಗುವ "ಊರು" ಅರ್ಧ ಶತಮಾನ ತಡವಾಗಿ ಬಂತು. ನಡುವಿನ ಆ ಐವತ್ತು ವರ್ಷಗಳ ಕಥೆಯೇ ಈ ಪಾಠ.

ಗಿರಣಿಗಳು ಅಲ್ಲೇ ಯಾಕೆ?

ಮೊದಮೊದಲು ನೂಲಿನ ಗಿರಣಿಗಳು ನೀರಿನ ಚಕ್ರದಿಂದ ನಡೆಯುತ್ತಿದ್ದವು. ಆರ್ಕ್‌ರೈಟ್ ಎಂಬ ಉದ್ಯಮಿ 1771ರಲ್ಲಿ ಶುರುಮಾಡಿದ ಕ್ರಾಮ್‌ಫರ್ಡ್ ಗಿರಣಿ ಇದ್ದದ್ದು ಒಂದು ಸಣ್ಣ ಹಳ್ಳಿಯಲ್ಲಿ. ನೀರು ಎಲ್ಲಿ ಧುಮುಕುತ್ತದೋ ಗಿರಣಿ ಅಲ್ಲಿಗೆ ಹೋಗಬೇಕಿತ್ತು. ನಮ್ಮಲ್ಲೂ 1880ರ ದಶಕದಲ್ಲಿ ಗೋಕಾಕ ಜಲಪಾತದ ಬದಿಯಲ್ಲೇ ಗಿರಣಿ ಕಟ್ಟಿದ್ದು ಇದೇ ಕಾರಣಕ್ಕೆ.

ಆವಿ ಯಂತ್ರ ಬಂದ ಮೇಲೆ ಈ ಕಟ್ಟು ಕಳಚಿತು. ಕಲ್ಲಿದ್ದಲು ಸಿಕ್ಕರೆ ಸಾಕು, ಗಿರಣಿಯನ್ನು ಎಲ್ಲಿ ಬೇಕಾದರೂ ಕಟ್ಟಬಹುದು. ಹತ್ತು ಗಿರಣಿಗಳನ್ನು ಒಂದೇ ಬೀದಿಯಲ್ಲಿ ನಿಲ್ಲಿಸಬಹುದು. ಮ್ಯಾಂಚೆಸ್ಟರ್‌ಗೆ ಕಲ್ಲಿದ್ದಲು ತರಲು 1761ರಲ್ಲೇ ಬ್ರಿಜ್‌ವಾಟರ್ ಕಾಲುವೆ ಆಗಿತ್ತು. ಅದು ಬಂದ ಮೇಲೆ ಕಲ್ಲಿದ್ದಲಿನ ಬೆಲೆ ಸುಮಾರು ಅರ್ಧಕ್ಕೆ ಇಳಿಯಿತು. ಹತ್ತಿ ಇಳಿಯುವ ಲಿವರ್‌ಪೂಲ್ ಬಂದರು ಹತ್ತಿರದಲ್ಲೇ ಇತ್ತು. 1830ರ ಸೆಪ್ಟೆಂಬರ್ 15ರಂದು ಈ ಎರಡು ಊರುಗಳ ನಡುವೆ ರೈಲು ಶುರುವಾಯಿತು. ಇನ್ನು ಆ ಸೀಮೆಯ ತೇವದ ಹವೆಯೂ ಸೇರಿಕೊಂಡಿತು. ಒಣ ಗಾಳಿಯಲ್ಲಿ ನೂಲು ಬೇಗ ಕಡಿಯುತ್ತದೆ, ತೇವದಲ್ಲಿ ತಾಳುತ್ತದೆ.

ಜನಸಂಖ್ಯೆ ನೋಡಿ. 1801ರಲ್ಲಿ ಸುಮಾರು 75,000. 1851ಕ್ಕೆ 3 ಲಕ್ಷ ದಾಟಿತ್ತು. ಒಂದು ತಲೆಮಾರು ಮುಗಿದು ಇನ್ನೊಂದು ನಡುವಯಸ್ಸಿಗೆ ಬರುವಷ್ಟರಲ್ಲಿ ಊರು ನಾಲ್ಕು ಪಟ್ಟಾಗಿತ್ತು. ಸುತ್ತಲ ಹಳ್ಳಿಗಳಿಂದ ಬಂದವರು, ಐರ್ಲೆಂಡಿನಿಂದ ಹಡಗು ಹತ್ತಿ ಬಂದವರು, ಮಗ್ಗ ನಿಂತುಹೋದ ನೇಕಾರರು, ಎಲ್ಲರೂ ಸೇರಿದ್ದರು. ಅದೇ 1851ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಅರ್ಧಕ್ಕಿಂತ ಹೆಚ್ಚು ಜನ ಪಟ್ಟಣವಾಸಿಗಳು ಅಂತ ಮೊದಲ ಸಲ ಲೆಕ್ಕ ಸಿಕ್ಕಿತು. ಈ ಇಸವಿ ನೆನಪಿಡಿ, ಪರೀಕ್ಷೆಯಲ್ಲಿ ಕೇಳುತ್ತಾರೆ.

ಊರಿಗೆ ಯಜಮಾನ ಯಾರು?

ಪಠ್ಯಪುಸ್ತಕಗಳು ಈ ಭಾಗವನ್ನು ಬೇಗ ದಾಟಿಬಿಡುತ್ತವೆ. ನನಗೆ ಇದೇ ಮುಖ್ಯ ಅನಿಸುತ್ತದೆ.

1838ರವರೆಗೆ ಕಾನೂನಿನ ಲೆಕ್ಕದಲ್ಲಿ ಮ್ಯಾಂಚೆಸ್ಟರ್ ಒಂದು ಪಟ್ಟಣವೇ ಆಗಿರಲಿಲ್ಲ! ಅದು ಮಾಸ್ಲಿ ಎಂಬ ಮನೆತನದ ಜಹಗೀರು. ಹಳ್ಳಿಗಳ ಕಾಲದಿಂದ ಬಂದ ಒಂದು ಜಹಗೀರು ನ್ಯಾಯಸಭೆ ಊರಿನ ಅಧಿಕಾರಿಗಳನ್ನು ನೇಮಿಸುತ್ತಿತ್ತು. ಸಂತೆ ನಡೆಸುವ ಹಕ್ಕು, ಸಂತೆಯ ಸುಂಕ, ಎಲ್ಲ ಒಡೆಯನದು. 1792ರಿಂದ ಪೊಲೀಸ್ ಕಮಿಷನರುಗಳ ಒಂದು ಮಂಡಳಿಯೂ ಇತ್ತು. ಇಲ್ಲಿ "ಪೊಲೀಸ್" ಅಂದರೆ ಖಾಕಿ ಪೊಲೀಸ್ ಅಂತ ತಿಳಿಯಬೇಡಿ. ಬೀದಿ ದೀಪ, ಕಸ, ರಾತ್ರಿ ಕಾವಲು ನೋಡಿಕೊಳ್ಳುವ ಮಂಡಳಿ ಅದು. ಅಧಿಕಾರ ಹೀಗೆ ಇಬ್ಬರು ಮೂವರ ನಡುವೆ ಹರಿದುಹೋಗಿತ್ತು. ಇಡೀ ಊರಿಗೆ ಒಂದು ಚರಂಡಿ ಯೋಜನೆ ಹಾಕುವ ಜವಾಬ್ದಾರಿ ಯಾರ ಮೇಲೂ ಇರಲಿಲ್ಲ.

ಸಂಸತ್ತಿನಲ್ಲಿ ಕೇಳೋಣ ಅಂದರೆ ಅಲ್ಲೂ ದನಿ ಇಲ್ಲ. 1832ರ ಸುಧಾರಣಾ ಕಾಯಿದೆ ಬರುವವರೆಗೆ ಈ ಊರಿಗೆ ಒಬ್ಬ ಪ್ರತಿನಿಧಿಯೂ ಇರಲಿಲ್ಲ. ಅದನ್ನು ಕೇಳಲು 1819ರ ಆಗಸ್ಟ್ 16ರಂದು ಸುಮಾರು 60,000 ಜನ ಸೇಂಟ್ ಪೀಟರ್ಸ್ ಮೈದಾನದಲ್ಲಿ ಸೇರಿದ್ದರು. ಹೆಂಗಸರು, ಮಕ್ಕಳೂ ಬಂದಿದ್ದರು. ಕುದುರೆ ಸವಾರರು ಕತ್ತಿ ಹಿರಿದು ಗುಂಪಿನ ಮೇಲೆ ನುಗ್ಗಿದರು. ಕನಿಷ್ಠ 15 ಜನ ಸತ್ತರು, ನೂರಾರು ಜನ ಗಾಯಗೊಂಡರು. ನಾಲ್ಕು ವರ್ಷ ಹಿಂದೆ ನಡೆದ ವಾಟರ್‌ಲೂ ಯುದ್ಧದ ಹೆಸರಿಗೆ ಜೋಡಿಸಿ ಇದನ್ನು ಪೀಟರ್‌ಲೂ ಅಂತ ಕರೆದರು.

1838ರಲ್ಲಿ ನಗರಸಭೆ ಬಂತು. ಬಂದ ಮೇಲೂ ಸಂತೆಯ ಹಕ್ಕು ಮಾಸ್ಲಿ ಮನೆತನದ ಹತ್ತಿರವೇ ಉಳಿದಿತ್ತು. 1846ರಲ್ಲಿ ನಗರಸಭೆ 2 ಲಕ್ಷ ಪೌಂಡ್ ಕೊಟ್ಟು ಜಹಗೀರಿನ ಹಕ್ಕುಗಳನ್ನು ಕೊಂಡುಕೊಂಡಿತು. ಆವಿ ಯಂತ್ರ, ರೈಲು, ನೂರಾರು ಹೊಗೆಕೊಳವೆ ಇದ್ದ ಊರು ತನ್ನನ್ನು ತಾನೇ ಒಬ್ಬ ಜಹಗೀರುದಾರನಿಂದ ಬಿಡಿಸಿಕೊಳ್ಳಬೇಕಾಯಿತು. ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ವಠಾರದೊಳಗೆ

ಈಗ ಮನೆಗಳ ಹತ್ತಿರ ಬನ್ನಿ. ಕೂಲಿಯವರಿಗೆ ಬಸ್ಸಿಲ್ಲ, ಟ್ರಾಮಿಲ್ಲ. ಗಿರಣಿಗೆ ನಡೆದೇ ಹೋಗಬೇಕು, ಹಾಗಾಗಿ ಗಿರಣಿಯ ನೆರಳಲ್ಲೇ ಮನೆ. 1824ರಲ್ಲಿ ಜಾನ್ ಗ್ರೀನ್‌ವುಡ್ ಎಂಬಾತ ಪೆಂಡಲ್‌ಟನ್‌ನಿಂದ ಮ್ಯಾಂಚೆಸ್ಟರ್‌ಗೆ ಕುದುರೆ ಬಸ್ಸು ಓಡಿಸಲು ಶುರುಮಾಡಿದ. ಆದರೆ ಅದು ವ್ಯಾಪಾರಿಗಳು, ಗುಮಾಸ್ತರು ಹತ್ತುವ ಗಾಡಿ. ಇದರ ಪರಿಣಾಮ ಗಮನಿಸಿ. ದುಡ್ಡಿದ್ದವರು ಹೊಗೆ ಬಿಟ್ಟು ದೂರ ಹೋಗಿ ಮನೆ ಮಾಡಿದರು, ಬಡವರು ನಡುವೆ ಉಳಿದರು. ಗಿರಣಿ ಒಡೆಯನೂ ಕೂಲಿಯವನೂ ಒಬ್ಬರ ಬೀದಿಯನ್ನು ಇನ್ನೊಬ್ಬರು ನೋಡದಂತೆ ಬದುಕುವುದು ಸಾಧ್ಯವಾಯಿತು. 1842ರ ಕೊನೆಗೆ ಅಪ್ಪನ ಪಾಲಿದ್ದ ನೂಲಿನ ಗಿರಣಿಗೆ ಕೆಲಸಕ್ಕೆ ಬಂದ 22 ವರ್ಷದ ಫ್ರೆಡರಿಕ್ ಎಂಗೆಲ್ಸ್ (ಮುಂದೆ ಕಾರ್ಲ್ ಮಾರ್ಕ್ಸ್ ಜೊತೆಗಾರನಾದವನು) ಗಮನಿಸಿದ್ದೂ ಇದನ್ನೇ. ದೊಡ್ಡ ಬೀದಿಗಳ ಎರಡೂ ಬದಿಗೆ ಚೆಂದದ ಅಂಗಡಿ ಸಾಲು, ಅದರ ಹಿಂದೆ ಯಾರ ಕಣ್ಣಿಗೂ ಬೀಳದ ಕೊಳೆಗೇರಿ.

ಮನೆಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ಕಟ್ಟುತ್ತಿದ್ದರು. ಎರಡು ಸಾಲು ಮನೆಗೆ ಹಿಂದೆ ಒಂದೇ ಗೋಡೆ. ಹಿಂಬಾಗಿಲಿಲ್ಲ, ಹಿಂಗಿಟಕಿ ಇಲ್ಲ, ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಹೋಗುವ ಹಾಗೇ ಇಲ್ಲ. ನಡುವೆ ಒಂದು ಸಣ್ಣ ಅಂಗಳ ಬಿಟ್ಟು ಸುತ್ತ ಮನೆ ಕಟ್ಟಿದ ವಠಾರಗಳೂ ಇದ್ದವು. ಅದಕ್ಕೂ ಗತಿ ಇಲ್ಲದವರು ನೆಲಮಾಳಿಗೆಯಲ್ಲಿ ಇರುತ್ತಿದ್ದರು. ಮೆಡ್‌ಲಾಕ್ ಹೊಳೆಯ ತಿರುವಿನಲ್ಲಿದ್ದ "ಲಿಟಲ್ ಐರ್ಲೆಂಡ್" ಕೇರಿಯಲ್ಲಿ ಹೊಳೆ ಉಕ್ಕಿದರೆ ನೀರು ನೇರ ಆ ಕೋಣೆಗಳಿಗೇ ನುಗ್ಗುತ್ತಿತ್ತು.

1832ರಲ್ಲಿ ಕಾಲರಾ ಬಂದಾಗ ಡಾಕ್ಟರ್ ಜೇಮ್ಸ್ ಫಿಲಿಪ್ಸ್ ಕೇ ಊರಿನ ಸ್ಥಿತಿಯನ್ನು ಲೆಕ್ಕ ಸಮೇತ ಬರೆದಿಟ್ಟರು. ಪರೀಕ್ಷಿಸಿದ 687 ಬೀದಿಗಳಲ್ಲಿ 248ಕ್ಕೆ ಕಲ್ಲು ಹಾಸಿರಲಿಲ್ಲ. 352 ಬೀದಿಗಳಲ್ಲಿ ತಿಪ್ಪೆ, ನಿಂತ ಕೊಳಚೆ, ಮಲ. ಪಾರ್ಲಿಮೆಂಟ್ ಸ್ಟ್ರೀಟ್ ಎಂಬ ಬೀದಿಯಲ್ಲಿ 380 ಜನಕ್ಕೆ ಇದ್ದದ್ದು ಒಂದೇ ಕಕ್ಕಸು. ಬೆಳಿಗ್ಗೆ ಕತ್ತಲಲ್ಲೇ ಎಲ್ಲರೂ ಗಿರಣಿ ಬಾಗಿಲಲ್ಲಿ ಇರಬೇಕು. ಆ ಒಂದು ಬಾಗಿಲ ಮುಂದಿನ ಬೆಳಗಿನ ಸಾಲನ್ನು ಸುಮ್ನೆ ಊಹಿಸಿಕೊಳ್ಳಿ.

ಆಗಿನ ಡಾಕ್ಟರರಲ್ಲಿ ಹೆಚ್ಚಿನವರು ರೋಗ ಬರುವುದು ಕೆಟ್ಟ ಗಾಳಿಯಿಂದ, ನಾತದಿಂದ ಅಂತ ನಂಬಿದ್ದರು. ಕಾಲರಾ ನೀರಿನಿಂದ ಹರಡುತ್ತದೆ ಅಂತ ಜಾನ್ ಸ್ನೋ ಲಂಡನ್ನಿನಲ್ಲಿ ತೋರಿಸಿಕೊಟ್ಟದ್ದು 1854ರಲ್ಲಿ.

ಸರಾಸರಿ 17 ವರ್ಷ: ಇಲ್ಲಿ ಎಡವಬೇಡಿ

1842ರಲ್ಲಿ ಎಡ್ವಿನ್ ಚಾಡ್ವಿಕ್ ಎಂಬ ಸರ್ಕಾರಿ ಅಧಿಕಾರಿ ದುಡಿಯುವ ಜನರ ಆರೋಗ್ಯದ ಬಗ್ಗೆ ಒಂದು ವರದಿ ಕೊಟ್ಟರು. ಸತ್ತವರ ಸರಾಸರಿ ವಯಸ್ಸನ್ನು ವರ್ಗಕ್ಕೆ ತಕ್ಕಂತೆ ಅದರಲ್ಲಿ ಲೆಕ್ಕ ಹಾಕಿದ್ದರು. ಮ್ಯಾಂಚೆಸ್ಟರ್‌ನಲ್ಲಿ ಮೇಲುವರ್ಗದವರದು 38, ವ್ಯಾಪಾರಿಗಳದು 20, ಕೂಲಿ ಕಾರ್ಮಿಕರದು 17. ರಟ್‌ಲೆಂಡ್ ಎಂಬ ಹಳ್ಳಿಗಾಡಿನಲ್ಲಿ ಇದೇ ಸಂಖ್ಯೆಗಳು 52, 41, 38.

ಎರಡು ವಿಷಯ ಹೇಳಬೇಕು. ಒಂದು, "ಕಾರ್ಮಿಕರು 17ನೇ ವಯಸ್ಸಿಗೆ ಸಾಯುತ್ತಿದ್ದರು" ಅಂತ ಬರೆಯಬೇಡಿ. ನಾನೂ ಮೊದಲು ಹಾಗೇ ಬರೆದಿದ್ದೆ, ಮೇಷ್ಟ್ರು ಕೆಂಪು ಶಾಯಿಯಲ್ಲಿ ಗೀಟು ಹಾಕಿದ್ದರು. ಅವರು ಬೋರ್ಡಿನ ಮೇಲೆ ಬಿಡಿಸಿ ತೋರಿಸಿದ ಲೆಕ್ಕ ಹೀಗಿತ್ತು. ಒಂದು ಮನೆಯಲ್ಲಿ ನಾಲ್ಕು ಸಾವು ಅಂತ ಇಟ್ಟುಕೊಳ್ಳಿ: 1 ವರ್ಷದ ಕೂಸು, 2 ವರ್ಷದ ಮಗು, 5 ವರ್ಷದ ಮಗು, 60 ವರ್ಷದ ಅಜ್ಜಿ. ಕೂಡಿದರೆ 68. ನಾಲ್ಕರಿಂದ ಭಾಗಿಸಿದರೆ 17. ಆ ಮನೆಯಲ್ಲಿ 17ನೇ ವಯಸ್ಸಿಗೆ ಸತ್ತವರು ಒಬ್ಬರೂ ಇಲ್ಲ. ಅಂದರೆ 17 ಎಂಬ ಸಂಖ್ಯೆಯ ಒಳಗೆ ಇರುವುದು ಮಕ್ಕಳ ಸಾವು. ಕಾರ್ಮಿಕರ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು 5 ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದವು. ಆ ಲೆಕ್ಕ ಅರ್ಥವಾದ ಮೇಲೆ 17 ಮೊದಲಿಗಿಂತ ಜಾಸ್ತಿ ಭಾರ ಅನಿಸಿತು ನನಗೆ.

ಎರಡು, ರಟ್‌ಲೆಂಡಿನ ಕೂಲಿಯವನ 38 ಮತ್ತು ಮ್ಯಾಂಚೆಸ್ಟರ್‌ನ ಮೇಲುವರ್ಗದ 38 ಪಕ್ಕಪಕ್ಕ ಇಟ್ಟು ನೋಡಿ. ಎರಡೂ ಒಂದೇ. ಹಳ್ಳಿಯ ಬಡವನಿಗೆ ಇದ್ದಷ್ಟೇ ಆಯಸ್ಸು ಆ ಪಟ್ಟಣದ ಅನುಕೂಲಸ್ಥನಿಗೆ. ದುಡ್ಡು ಕೊಟ್ಟು ದೊಡ್ಡ ಮನೆ ಕೊಳ್ಳಬಹುದಿತ್ತು, ಆದರೆ ಊರಿನ ಕೊಳೆಯಿಂದ ಪೂರ್ತಿ ತಪ್ಪಿಸಿಕೊಳ್ಳಲು ಆಗುತ್ತಿರಲಿಲ್ಲ. ಉಳ್ಳವರೂ ಕೊನೆಗೆ ಚರಂಡಿಗೆ ತೆರಿಗೆ ಕಟ್ಟಲು ಒಪ್ಪಿದ್ದರಲ್ಲಿ ಈ ಭಯದ ಪಾಲೂ ಇದೆ ಅನ್ನುವುದು ನನ್ನ ಅಭಿಪ್ರಾಯ.

ಹೊಗೆಯ ಬಗ್ಗೆ ಒಂದು ಮಾತು. ಅಲ್ಲಿನ ಮರಗಳ ತೊಗಟೆ ಮಸಿ ಹಿಡಿದು ಕಪ್ಪಾಗಿತ್ತು. ಬಿಳಿ ಮೈಯ ಮೇಲೆ ಕಪ್ಪು ಚುಕ್ಕೆ ಇರುವ ಒಂದು ಜಾತಿಯ ಪತಂಗದಲ್ಲಿ ಪೂರ್ತಿ ಕಪ್ಪು ಬಣ್ಣದ್ದು 1848ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಕಣ್ಣಿಗೆ ಬಿತ್ತು. ಶತಮಾನ ಮುಗಿಯುವಷ್ಟರಲ್ಲಿ ಅಲ್ಲಿ ಹೆಚ್ಚುಕಡಿಮೆ ಎಲ್ಲವೂ ಕಪ್ಪೇ. ಕಪ್ಪು ಮರದ ಮೇಲೆ ಬಿಳಿ ಪತಂಗ ಹಕ್ಕಿಯ ಕಣ್ಣಿಗೆ ಬೇಗ ಬೀಳುತ್ತದೆ ಅಲ್ವಾ? ಜೀವಶಾಸ್ತ್ರದ ಪುಸ್ತಕದಲ್ಲಿ ನಿಸರ್ಗದ ಆಯ್ಕೆಗೆ ಕೊಡುವ ಉದಾಹರಣೆ ಇದೇ ಊರಿನದು.

ಗಿರಣಿಯ ಹೊತ್ತು

ಮನೆಯಲ್ಲಿ ಮಗ್ಗ ಇದ್ದ ನೇಕಾರ ಬೇಕಾದಾಗ ಕೂರುತ್ತಿದ್ದ, ಸಾಕಾದಾಗ ಏಳುತ್ತಿದ್ದ. ದುಡಿಮೆ ಕಡಿಮೆ ಏನಿರಲಿಲ್ಲ, ಆದರೆ ಹೊತ್ತು ಅವನ ಕೈಯಲ್ಲಿತ್ತು. ಗಿರಣಿಯಲ್ಲಿ ಒಂದು ಆವಿ ಯಂತ್ರ ನೂರಾರು ಯಂತ್ರಗಳನ್ನು ತಿರುಗಿಸುತ್ತದೆ. ಅದು ಶುರುವಾದಾಗ ಎಲ್ಲರೂ ಇರಲೇಬೇಕು, ತಡವಾಗಿ ಬಂದರೆ ಕೂಲಿಯಲ್ಲಿ ಕಡಿತ. ಕೂಲಿಯವರ ಮನೆಗಳಲ್ಲಿ ಗಡಿಯಾರ ಅಪರೂಪ. ಅದಕ್ಕೇ ಬೆಳಗಿನ ಜಾವ ಉದ್ದನೆಯ ಕೋಲು ಹಿಡಿದು ಮಹಡಿಯ ಕಿಟಕಿ ತಟ್ಟಿ ಎಬ್ಬಿಸುವವರು ಬೀದಿ ಬೀದಿಗೂ ಇದ್ದರು. ವಾರಕ್ಕೆ ಇಷ್ಟು ಅಂತ ಪುಡಿಗಾಸು. ಇನ್ನೊಬ್ಬರ ನಿದ್ದೆ ಎಬ್ಬಿಸುವುದೇ ಒಂದು ಕಸುಬಾಯಿತು.

ರೈಲು ಗಡಿಯಾರವನ್ನು ಇನ್ನೂ ಬಿಗಿ ಮಾಡಿತು. ಮೊದಲು ಪ್ರತಿ ಊರಿಗೂ ಅದರದೇ ಸೂರ್ಯ, ಅದರದೇ ಸಮಯ. ಮ್ಯಾಂಚೆಸ್ಟರ್ ಲಂಡನ್ನಿಗಿಂತ ಸುಮಾರು ಎರಡೂಕಾಲು ಡಿಗ್ರಿ ಪಶ್ಚಿಮಕ್ಕಿದೆ. ಒಂದು ಡಿಗ್ರಿಗೆ 4 ನಿಮಿಷದ ಲೆಕ್ಕದಲ್ಲಿ ಅಲ್ಲಿನ ಗಡಿಯಾರ ಲಂಡನ್ನಿಗಿಂತ 9 ನಿಮಿಷ ಹಿಂದೆ. ರೈಲಿನ ವೇಳಾಪಟ್ಟಿ ಹಾಕಲು ಇದು ತೊಡಕು. 1840ರ ದಶಕದಲ್ಲಿ ರೈಲು ಕಂಪನಿಗಳು ಒಂದೊಂದಾಗಿ ಲಂಡನ್ನಿನ ಗ್ರೀನಿಚ್ ಸಮಯ ಹಿಡಿದವು. ಕಾನೂನು ಅದನ್ನು ಒಪ್ಪಿದ್ದು 1880ರಲ್ಲಿ.

ಗಿರಣಿಯ ಒಳಗೆ ಹೋಗೋಣ. ಕ್ರಾಂಪ್ಟನ್ 1779ರಲ್ಲಿ ರೂಪಿಸಿದ "ಮ್ಯೂಲ್" ನೂಲುವ ಯಂತ್ರದ ಮುಂಭಾಗ ಗಾಲಿಗಳ ಮೇಲೆ ಹೊರಗೆ ಬರುತ್ತದೆ, ನೂಲು ಎಳೆಯುತ್ತದೆ, ಮತ್ತೆ ಒಳಗೆ ಸರಿಯುತ್ತದೆ. ಕಡಿದ ಎಳೆಗಳನ್ನು ಗಂಟು ಹಾಕಲು ಮಕ್ಕಳು ಅದರ ಹಿಂದೆ ಮುಂದೆ ನಡೆಯುತ್ತಲೇ ಇರಬೇಕು. ಇನ್ನೂ ಚಿಕ್ಕ ಮಕ್ಕಳ ಕೆಲಸ, ಓಡುತ್ತಿರುವ ಯಂತ್ರದ ಕೆಳಗೆ ನುಸುಳಿ ಬಿದ್ದ ಅರಳೆ ಗುಡಿಸುವುದು. ಯಂತ್ರ ವಾಪಸ್ ಬರುವಷ್ಟರಲ್ಲಿ ಹೊರಗೆ ಬರದಿದ್ದರೆ ಕೈಯೋ ತಲೆಯೋ ಸಿಕ್ಕಿಕೊಳ್ಳುತ್ತಿತ್ತು. ನೇಯುವ ಮನೆಯಲ್ಲಿ ನೂರಾರು ಮಗ್ಗಗಳ ಸದ್ದಿಗೆ ಪಕ್ಕದವರ ಮಾತು ಕೇಳುವುದಿಲ್ಲ. ಹೆಂಗಸರು ತುಟಿಯ ಚಲನೆ ನೋಡಿಯೇ ಮಾತಾಡಲು ಕಲಿತಿದ್ದರು. ಲಾಳಿಗೆ ಹೊಸ ಕಂಡಿಕೆ ಹಾಕಿದಾಗಲೆಲ್ಲ ಲಾಳಿಯ ಕಣ್ಣಿಗೆ ಬಾಯಿಟ್ಟು ಉಸಿರೆಳೆದು ನೂಲನ್ನು ಹೊರಗೆ ತರುತ್ತಿದ್ದರು. ಅದರ ಜೊತೆ ಅರಳೆಯ ಧೂಳೂ ಎದೆಗೆ ಇಳಿಯುತ್ತಿತ್ತು. ಒಂದೇ ಲಾಳಿಗೆ ಹಲವರ ಬಾಯಿ.

ಕಾನೂನುಗಳಲ್ಲಿ 1833ರ ಕಾರ್ಖಾನೆ ಕಾಯಿದೆಯನ್ನು ಚೆನ್ನಾಗಿ ಓದಿಕೊಳ್ಳಿ. 9 ವರ್ಷದೊಳಗಿನ ಮಕ್ಕಳನ್ನು ಹತ್ತಿ ಗಿರಣಿಗೆ ಸೇರಿಸಬಾರದು. 9ರಿಂದ 13ರವರೆಗೆ ವಾರಕ್ಕೆ 48 ಗಂಟೆ. ಅಲ್ಲಿಂದ 18ರವರೆಗೆ ದಿನಕ್ಕೆ 12 ಗಂಟೆ. ಇದಕ್ಕೂ ಮೊದಲು ಕಾಯಿದೆಗಳಿದ್ದವು, ಆದರೆ ನೋಡಿಕೊಳ್ಳುವವರು ಇರಲಿಲ್ಲ. ಈ ಸಲ ಸರ್ಕಾರ ಇನ್‌ಸ್ಪೆಕ್ಟರುಗಳನ್ನು ನೇಮಿಸಿತು. ಇಡೀ ದೇಶಕ್ಕೆ ನಾಲ್ಕು ಜನ. ಇನ್ನೊಂದು ತೊಡಕು: ಇಂಗ್ಲೆಂಡಿನಲ್ಲಿ ಜನನ ನೋಂದಣಿ ಶುರುವಾದದ್ದೇ 1837ರಲ್ಲಿ. ಹುಡುಗನಿಗೆ 9 ತುಂಬಿದೆಯೋ ಇಲ್ಲವೋ ಅಂತ ಡಾಕ್ಟರು ಅವನ ಮೈಕಟ್ಟು ನೋಡಿ ಹೇಳಬೇಕಿತ್ತು. ನಾನು ಹೇಳುತ್ತಿರುವ ಮಾತೇ ಇಲ್ಲೂ ಕಾಣುತ್ತದೆ. ಯಂತ್ರ ಬಂದಿತ್ತು, ಮಗುವಿನ ವಯಸ್ಸು ಬರೆದಿಡುವ ಕಚೇರಿ ಬಂದಿರಲಿಲ್ಲ.

ಹತ್ತಿ ನಿಂತಾಗ

1861ರಲ್ಲಿ ಅಮೆರಿಕದಲ್ಲಿ ಉತ್ತರದ ರಾಜ್ಯಗಳಿಗೂ ಗುಲಾಮಗಿರಿ ನಡೆಸುತ್ತಿದ್ದ ದಕ್ಷಿಣದ ರಾಜ್ಯಗಳಿಗೂ ಅಂತರ್ಯುದ್ಧ ಶುರುವಾಯಿತು. ಮ್ಯಾಂಚೆಸ್ಟರ್ ಇದ್ದ ಲ್ಯಾಂಕಾಷೈರ್ ಸೀಮೆಗೆ ಬರುತ್ತಿದ್ದ ಹತ್ತಿಯಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಅಲ್ಲಿಯದು, ಗುಲಾಮರು ಬೆಳೆದದ್ದು. ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳನ್ನು ಮುಚ್ಚಿತು, ಗಿರಣಿಗಳು ನಿಂತವು. 1862ರ ಕೊನೆಗೆ ಹತ್ತಿ ಸೀಮೆಯಲ್ಲಿ ಸುಮಾರು 5 ಲಕ್ಷ ಜನ ಪರಿಹಾರದ ಮೇಲೆ ಬದುಕುತ್ತಿದ್ದರು. ಆ ಡಿಸೆಂಬರ್ 31ರಂದು ಮ್ಯಾಂಚೆಸ್ಟರ್‌ನ ಫ್ರೀ ಟ್ರೇಡ್ ಹಾಲ್‌ನಲ್ಲಿ ಕಾರ್ಮಿಕರು ಸಭೆ ಸೇರಿ ಅಮೆರಿಕದ ಅಧ್ಯಕ್ಷ ಲಿಂಕನ್‌ಗೆ ಪತ್ರ ಬರೆದರು. ನಮ್ಮ ಹೊಟ್ಟೆಗೆ ಕಷ್ಟವಾದರೂ ಗುಲಾಮಗಿರಿ ಮುಗಿಯಲಿ ಅನ್ನುವುದು ಅದರ ಸಾರ. 1863ರ ಜನವರಿ 19ರಂದು ಲಿಂಕನ್ ಉತ್ತರ ಬರೆದರು. ಎಲ್ಲ ಕಾರ್ಮಿಕರೂ ಹೀಗೇ ಯೋಚಿಸುತ್ತಿದ್ದರು ಅಂತಲ್ಲ, ದಕ್ಷಿಣದ ಪರ ಇದ್ದವರೂ ಇದ್ದರು. ಆದರೂ ಕೆಲಸ ಇಲ್ಲದ ಚಳಿಗಾಲದಲ್ಲಿ ಅಂಥದ್ದೊಂದು ಪತ್ರ ಬರೆದದ್ದು ಸಣ್ಣ ಮಾತಲ್ಲ.

ನಮ್ಮ ಸೀಮೆ ಈ ಕಥೆಯೊಳಗೆ ಬರುವುದೂ ಇಲ್ಲಿಯೇ. ಭಾರತದ ಹತ್ತಿಗೆ ಲ್ಯಾಂಕಾಷೈರ್‌ನಲ್ಲಿ ಒಟ್ಟಾರೆ "ಸೂರತ್" ಅನ್ನುತ್ತಿದ್ದರು. ಅದರ ಎಳೆ ಗಿಡ್ಡ, ಕಸ ಜಾಸ್ತಿ, ನೂಲು ಪದೇ ಪದೇ ಕಡಿಯುತ್ತಿತ್ತು. ಕೂಲಿಯವರಿಗೆ ಅದು ಬೇಡವೇ ಬೇಡ. ಆದರೆ ಧಾರವಾಡದ ಕರಿಮಣ್ಣಿನಲ್ಲಿ 1840ರ ದಶಕದಿಂದಲೇ ಅಮೆರಿಕದ ತಳಿ ಬೆಳೆಯುತ್ತಿದ್ದರು. "ಧಾರವಾಡ ಅಮೆರಿಕನ್" ಅಂತಲೇ ಅದಕ್ಕೆ ಹೆಸರು. ಅದನ್ನು ಹಡಗಿಗೆ ಹತ್ತಿಸಲು ಕಾರವಾರ ಬಂದರು ಬೇಕು ಅಂತ ಮ್ಯಾಂಚೆಸ್ಟರ್ ವ್ಯಾಪಾರಿಗಳು ಒತ್ತಾಯ ಮಾಡಿದರು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ತೆಗೆದು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದಕ್ಕೆ ಈ ಹತ್ತಿಯೂ ಒಂದು ಕಾರಣ. ಯುದ್ಧದ ವರ್ಷಗಳಲ್ಲಿ ಹತ್ತಿ ಬೆಳೆದವರ ಕೈಗೆ ದುಡ್ಡು ಬಂತು. 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಕುಸಿಯಿತು.

ಊರು ಬಂದದ್ದು

ನಗರಸಭೆಗೆ ಅಧಿಕಾರ ಸಿಕ್ಕ ಮೇಲೆ ಕೆಲಸಗಳು ಒಂದೊಂದಾಗಿ ಶುರುವಾದವು. 1844ರ ನಿಯಮದಿಂದ ಬೆನ್ನಿಗೆ ಬೆನ್ನು ಕೊಟ್ಟ ಹೊಸ ಮನೆ ಕಟ್ಟುವುದು ನಿಂತಿತು. ಹಳೆಯವು ಮಾತ್ರ ಇನ್ನೂ ಎಷ್ಟೋ ವರ್ಷ ಹಾಗೇ ಇದ್ದವು. 1846ರಲ್ಲಿ ಜನರೇ ಚಂದಾ ಎತ್ತಿ ಕೊಟ್ಟ ದುಡ್ಡಿನಲ್ಲಿ ಪಾರ್ಕುಗಳು ತೆರೆದವು. 1852ರಲ್ಲಿ ದುಡ್ಡು ಕೊಡದೆ ಓದಬಹುದಾದ ಗ್ರಂಥಾಲಯ ಬಂತು. 1848ರಲ್ಲಿ ಎಂಜಿನಿಯರ್ ಬೇಟ್‌ಮನ್ ಲಾಂಗ್‌ಡೆಂಡೇಲ್ ಕಣಿವೆಯಲ್ಲಿ ಕೆರೆಗಳನ್ನು ಕಟ್ಟಿಸಲು ಶುರುಮಾಡಿದರು. ಅದೂ ಸಾಲದೆ ಹೋದಾಗ ಸುಮಾರು 154 ಕಿಲೋಮೀಟರ್ ದೂರದ ಥರ್ಲ್‌ಮಿಯರ್ ಸರೋವರದಿಂದ ಪಂಪಿಲ್ಲದೆ, ಬರೀ ಇಳಿಜಾರಿನಲ್ಲಿ ನೀರು ತಂದರು. ಆ ನೀರು ಊರು ಮುಟ್ಟಿದ್ದು 1894ರಲ್ಲಿ. ಬ್ರಿಜ್‌ವಾಟರ್ ಕಾಲುವೆಯಲ್ಲಿ ಕಲ್ಲಿದ್ದಲು ಬಂದು 133 ವರ್ಷ ಆಗಿತ್ತು.

ಹೊತ್ತನ್ನೂ ಜನ ಸ್ವಲ್ಪ ಸ್ವಲ್ಪ ವಾಪಸ್ ಪಡೆದರು. 1847ರಲ್ಲಿ ಹೆಂಗಸರಿಗೂ 18ರೊಳಗಿನವರಿಗೂ ದಿನಕ್ಕೆ 10 ಗಂಟೆಯ ಮಿತಿ ಬಂತು. ಅವರಿಲ್ಲದೆ ಗಿರಣಿ ನಡೆಯುವುದು ಕಷ್ಟ, ಹಾಗಾಗಿ ಗಂಡಸರಿಗೂ ಅದರ ಲಾಭ ಸಿಕ್ಕಿತು. 1850ರ ಕಾಯಿದೆ ಆ ಹೆಂಗಸರಿಗೂ ಹುಡುಗರಿಗೂ ಶನಿವಾರ ಮಧ್ಯಾಹ್ನ 2 ಗಂಟೆಗೆ ಕೆಲಸ ಮುಗಿಸಬೇಕು ಅಂತ ಹೇಳಿತು. ವಾರದಲ್ಲಿ ಮೊದಲ ಸಲ ಬೆಳಕಿರುವಾಗಲೇ ಕೈ ಬಿಡುವಾಯಿತು. 1878ರಲ್ಲಿ ನ್ಯೂಟನ್ ಹೀತ್‌ನ ರೈಲು ಡಬ್ಬಿ ಕಟ್ಟುವ ಕೆಲಸಗಾರರು ಒಂದು ಫುಟ್‌ಬಾಲ್ ತಂಡ ಮಾಡಿಕೊಂಡರು. 1902ರಲ್ಲಿ ಅದು ಮ್ಯಾಂಚೆಸ್ಟರ್ ಯುನೈಟೆಡ್ ಅಂತ ಹೆಸರು ಬದಲಿಸಿಕೊಂಡಿತು. 1888ರಲ್ಲಿ ಫುಟ್‌ಬಾಲ್ ಲೀಗ್ ಹುಟ್ಟಿದ್ದೂ ಇದೇ ಊರಿನ ಒಂದು ಹೋಟೆಲಿನಲ್ಲಿ. ಇಂಗ್ಲೆಂಡಿನಲ್ಲಿ ಶನಿವಾರದ ಪಂದ್ಯ ಶುರುವಾಗುವ ರೂಢಿಯ ಹೊತ್ತು ಇವತ್ತಿಗೂ ಮಧ್ಯಾಹ್ನ 3 ಗಂಟೆ. ಗಿರಣಿ ಬಿಟ್ಟು, ಮನೆಗೆ ಹೋಗಿ ಒಂದು ತುತ್ತು ತಿಂದು, ಮೈದಾನಕ್ಕೆ ನಡೆದು ಬರಲು ಬೇಕಾಗುವಷ್ಟು ಹೊತ್ತು.